ಎಡ ಹೆಗಲ ಮೇಲಿನ ಉಸಿರು

ಮೊದಲು ಡಬಡಬ ಸದ್ದು, ಆಮೇಲೆ ಸ್ಸ್ಸ್ ಅಂತ ಉದ್ದನೆಯ ಒಂದು ನಿಟ್ಟುಸಿರು. ಎದುರುಗಡೆಯ ಟೈರ್ ಅಂಗಡಿಯವನು ಬೆಳಗ್ಗೆ ಆರಕ್ಕೆ ಸರಿಯಾಗಿ ಗಾಳಿ ತುಂಬುವ ಯಂತ್ರ ಶುರು ಮಾಡುತ್ತಾನೆ. ಅದರ ಹೊಟ್ಟೆ ತುಂಬುವವರೆಗೆ ಬೀದಿಯ ಕಿಟಕಿಗಳೆಲ್ಲ ನಡುಗುತ್ತವೆ. ತುಂಬಿದ ಮೇಲೆ ಅದು ತಾನಾಗಿ ನಿಂತು, ಹೆಚ್ಚಾದ ಗಾಳಿಯನ್ನು ಹಲ್ಲಿನ ಸಂದಿಯಿಂದ ಬಿಟ್ಟ ಹಾಗೆ ಬಿಡುತ್ತದೆ. ಬೀದಿಯವರು ಅವನಿಗೆ ಶಾಪ ಹಾಕಿ ಮಗ್ಗುಲು ಬದಲಿಸುತ್ತಾರೆ. ರೇಕಿನಕ್ಕನಿಗೆ ಬದಲಿಸಲು ಮಗ್ಗುಲಿಲ್ಲ. ಎಡಮಗ್ಗುಲು ಅವಳ ಕೈಬಿಟ್ಟು ಹದಿನೆಂಟು ತಿಂಗಳಾಯಿತು.

ಆ ಹೊತ್ತಿಗಾಗಲೇ ಅವಳು ಎದ್ದು ಕುರ್ಚಿಯಲ್ಲಿ ಕೂತಿರುತ್ತಾಳೆ. ಮೈಮೇಲೆ ತೀರಿಹೋದ ಗಂಡನ ಹಳೆಯ ಅಂಗಿ. ತೊಳೆದು ತೊಳೆದು ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಅಷ್ಟು ತೆಳ್ಳಗಿದ್ದರೂ ಎಡಗಡೆಯ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಮೈಯಿಂದ ದೂರ ಹಿಡಿದಿರುತ್ತಾಳೆ. ಬೆನ್ನಿನಿಂದ ಹೊರಟು, ಪಕ್ಕೆ ಬಳಸಿ, ಎದೆಯ ಕೆಳಗೆ ಬಂದು ನಿಲ್ಲುವ ಅಂಗೈಯಗಲದ ಒಂದು ಪಟ್ಟಿ. ಬಟ್ಟೆ ಅಲ್ಲಿ ಸವರಿತೆಂದರೆ ಇಸ್ತ್ರಿಪೆಟ್ಟಿಗೆ ಇಟ್ಟ ಹಾಗಾಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಅಲ್ಲಿ ಏನೂ ಇಲ್ಲ. ಒಂದೆರಡು ಮಾಸಲು ಕಲೆ, ಅಷ್ಟೇ.

ಅವಳಿಗೆ ಆ ಹೆಸರು ಬಂದದ್ದು ಕೆಲಸದಿಂದ. ಊರಿನ ಹಳೆಯ ಚೌಕಟ್ಟಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಅವಳು ಪಟ, ಕನ್ನಡಿಗಳ ಚೌಕಟ್ಟಿಗೆ ಚಿನ್ನದ ರೇಕು, ಅಂದರೆ ಬಡಿದು ತೆಳ್ಳಗೆ ಮಾಡಿದ ಹಾಳೆ, ಹಚ್ಚುತ್ತಾಳೆ. ಕಾರ್ಖಾನೆ ಅನ್ನುವುದು ದೊಡ್ಡ ಮಾತಾಯಿತು. ಹಿಂದೊಂದು ಮುಂದೊಂದು ಕೋಣೆ, ನಡುವೆ ಓಣಿಯಂಥ ಜಾಗ. ಮುಂದಿನ ಕೋಣೆಯಲ್ಲಿ ಮರ ಕೊಯ್ದು, ಮರಳುಕಾಗದದಲ್ಲಿ ಉಜ್ಜಿ ನುಣುಪು ಮಾಡುತ್ತಾರೆ. ಹಿಂದಿನದು ರೇಕಿನ ಕೋಣೆ. ಅಲ್ಲಿ ಫ್ಯಾನ್ ಇಲ್ಲ. ಕಿಟಕಿಯ ಸಂದುಗಳಿಗೆಲ್ಲ ಕಾಗದ ಅಂಟಿಸಿದೆ. ಒಳಗೆ ಬರುವವರು ಯಾರೇ ಆಗಲಿ, ಎರಡು ಸಲ ಬಾಗಿಲು ತಟ್ಟಿ, ಒಳಗಿನಿಂದ ಹೂಂ ಅಂದ ಮೇಲಷ್ಟೇ ಬಾಗಿಲು ತೆಗೆಯಬೇಕು. ಯಜಮಾನರೂ ತಟ್ಟುತ್ತಾರೆ.

ರೇಕು ಅಷ್ಟು ತೆಳು. ಬೆರಳಲ್ಲಿ ಮುಟ್ಟಿದರೆ ಬೆರಳಿಗೇ ಬಳಿದುಕೊಂಡು ಇಲ್ಲವಾಗುತ್ತದೆ. ಚಪ್ಪಟೆ ಕುಂಚವನ್ನು ಒಮ್ಮೆ ಕೆನ್ನೆಗೆ ಸವರಿ, ಅದಕ್ಕೆ ಹತ್ತಿದ ಅಷ್ಟಿಷ್ಟು ಜಿಡ್ಡಿನಿಂದಲೇ ರೇಕನ್ನು ಮೇಲೆತ್ತಿ, ಅಂಟು ಹಚ್ಚಿದ ಮರದ ಮೇಲೆ ಇಳಿಸಬೇಕು. ಎತ್ತಿದಾಗಿನಿಂದ ಇಳಿಸುವವರೆಗೆ ಉಸಿರಾಡುವಂತಿಲ್ಲ. ಅವಳಿಗೆ ಕೆಲಸ ಕಲಿಸಿದ್ದು ಈಗಿನ ಯಜಮಾನರ ಅಪ್ಪ. “ರೇಕು ಕೈಯಲ್ಲಿರೋವಾಗ ನೀನೊಂದು ಹೆಣ ಅಂತ ತಿಳ್ಕೋ. ಇಳಿಸಿದ್ಮೇಲೆ ಬದುಕು” ಅಂದಿದ್ದರು ಮೊದಲ ದಿನವೇ. ಬದುಕುವುದಕ್ಕೂ ಒಂದು ಕ್ರಮವಿತ್ತು. ಮೇಜಿನ ಬಲಗಡೆ ಮೆತ್ತೆಯ ಮೇಲೆ ಕತ್ತರಿಸಿಟ್ಟ ರೇಕುಗಳು, ಎದುರಿಗೆ ಚೌಕಟ್ಟು. ಉಸಿರಿಗೆ ಉಳಿದ ದಿಕ್ಕು ಎಡವೊಂದೇ. ಆದ್ದರಿಂದ ರೇಕಿನವರು ಮುಖವನ್ನು ಪೂರ್ತಿ ಎಡ ಹೆಗಲಿಗೆ ತಿರುಗಿಸಿ, ತುಟಿಯ ಮೂಲೆಯಿಂದ ಉಸಿರು ಬಿಟ್ಟು, ಮತ್ತೆ ಮುಂದಕ್ಕೆ ತಿರುಗುತ್ತಾರೆ. ದಿನಕ್ಕೆ ಇನ್ನೂರು ಸಲ, ಮುನ್ನೂರು ಸಲ.

ಇನ್ನೊಂದು ಉಸಿರೂ ಇತ್ತು. ಅಂಟು ಒಣಗಿ ಮಂಕಾಗುತ್ತ ಬಂದಾಗ ಅದರ ಮೇಲೆ ಬಾಗಿ, ಹೊಟ್ಟೆಯಾಳದಿಂದ ಹಾ ಎಂದು ಬಿಸಿಯುಸಿರು ಊದಬೇಕು, ಕನ್ನಡಕ ಒರೆಸುವ ಮುಂಚೆ ಊದುವ ಹಾಗೆ. ಆ ಹಬೆಗೆ ಅಂಟು ಮತ್ತೆ ಕಣ್ಣುಬಿಡುತ್ತದೆ. ಒಂದು ಉಸಿರು ರೇಕನ್ನು ಹಾಳು ಮಾಡುತ್ತದೆ, ಇನ್ನೊಂದು ಕೂರಿಸುತ್ತದೆ. ಎರಡೂ ಅವಳ ಕೈವಶವಾಗಿದ್ದವು, ಹದಿನೆಂಟು ತಿಂಗಳ ಹಿಂದಿನವರೆಗೆ.

ಆಗ ಬಂದದ್ದು ಸರ್ಪಸುತ್ತು. ಪಕ್ಕೆಯ ಮೇಲೆ ಸಾಲಾಗಿ ನೀರುಗುಳ್ಳೆ ಎದ್ದವು, ಒಡೆದವು, ಒಣಗಿದವು. ಇಪ್ಪತ್ತು ದಿನದ ಮಾತು ಅಂದರು ಎಲ್ಲರೂ. ಗುಳ್ಳೆಯ ಮಟ್ಟಿಗೆ ಅದು ನಿಜವೂ ಆಯಿತು. ನೋವು ಮಾತ್ರ ಬಂದದ್ದು ಹೋಗಲೇ ಇಲ್ಲ. ಗುಳ್ಳೆ ಮಾಯ್ದರೂ ಒಳಗಿನ ನರ ಸುಟ್ಟಿರುತ್ತದೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ ಎಂದು ವೈದ್ಯರು ಮಾತ್ರೆ ಬರೆದರು. ಮಾತ್ರೆ ನುಂಗಿದರೆ ನೋವು ಗೋಡೆಯಾಚೆಗೆ ಹೋದ ಹಾಗಾಗುತ್ತಿತ್ತು, ಆದರೆ ಬೆರಳುಗಳೂ ಅದರ ಜೊತೆ ಆಚೆಗೇ ಹೋಗುತ್ತಿದ್ದವು. ತೂಕಡಿಸುವ ಬೆರಳಿನಲ್ಲಿ ರೇಕು ಎತ್ತುವುದೆಲ್ಲಿ ಬಂತು. ಹಗಲಿನ ಮಾತ್ರೆಯನ್ನು ಅವಳೇ ನಿಲ್ಲಿಸಿದಳು. ಆ ನರವನ್ನು ಕತ್ತರಿಸಿ ತೆಗೆದುಬಿಡಿ ಎಂದು ಒಂದು ದಿನ ವೈದ್ಯರ ಮೇಜಿನ ಅಂಚು ಹಿಡಿದು ಕೇಳಿದ್ದಳು. ಅದು ದಾರ ಅಲ್ಲಮ್ಮ ಎಂದು ಅವರು ಮೆಲ್ಲಗೆ ಹೇಳಿ, ಇನ್ನೊಂದು ಕೋಣೆಗೆ ಚೀಟಿ ಬರೆದುಕೊಟ್ಟರು.

ಆ ಕೋಣೆಯಲ್ಲಿದ್ದದ್ದು ವ್ಯಾಯಾಮ ಕಲಿಸುವ ಹುಡುಗಿ. ರೇಕಿನಕ್ಕನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಅವಳದೇ ಕೈ ಇರಿಸಿ, ಪಕ್ಕೆಯನ್ನು ಅಲುಗಿಸದೆ ಹೊಟ್ಟೆಯಿಂದ ಉಸಿರು ತೆಗೆದುಕೊಳ್ಳುವುದು ತೋರಿಸಿದಳು. ನಾಲ್ಕು ಎಣಿಸುವಷ್ಟು ಒಳಗೆ, ಎಂಟು ಎಣಿಸುವಷ್ಟು ಹೊರಗೆ. ದಿನಾ ಬೆಳಗ್ಗೆ ಹತ್ತು ನಿಮಿಷ, ನೋವು ಇರಲಿ, ಇಲ್ಲದಿರಲಿ. “ಇದು ನೋವನ್ನ ತೆಗಿಯಲ್ಲ ಅಕ್ಕ. ಸುಳ್ಳು ಹೇಳಲ್ಲ ನಾನು. ನೋವಿನ ಮೇಲೆ ಒಂದು ಹೆದರಿಕೆ ಹತ್ತಿ ಕೂತಿರುತ್ತಲ್ಲ, ಅದನ್ನ ಇಳಿಸುತ್ತೆ” ಅಂದಳು. ರೇಕಿನಕ್ಕನಿಗೆ ಆ ಮಾತು ಹಿಡಿಸಿತು. ಪೂರ್ತಿ ವಾಸಿ ಮಾಡುತ್ತೇನೆ ಅಂದಿದ್ದರೆ ಮತ್ತೆ ಹೋಗುತ್ತಿರಲಿಲ್ಲ.

ಮರುದಿನದಿಂದಲೇ ಶುರು ಮಾಡಿದಳು. ಮನೆಯ ಮಂಚದಲ್ಲಿ ಅಂಗಾತ ಮಲಗಿದರೆ ಬೆನ್ನಿನ ಕಡೆಯ ಪಟ್ಟಿ ಉರಿಯುತ್ತಿತ್ತು, ಹಾಗಾಗಿ ಕುರ್ಚಿಯಲ್ಲಿ ಕೂತಳು. ಟೈರ್ ಅಂಗಡಿಯ ಯಂತ್ರ ಶುರುವಾದರೆ ಶುರು, ಅದು ಮೂರನೆಯ ಸಲ ಸ್ಸ್ ಅಂದರೆ ಮುಗಿಯಿತು, ಲೆಕ್ಕಕ್ಕೆ ಗಡಿಯಾರವೇ ಬೇಡ. ಎರಡೂವರೆ ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಆಸ್ಪತ್ರೆಗೆ ಹೋದಾಗಲೆಲ್ಲ ಹುಡುಗಿ, ಮಾಡ್ತಿದ್ದೀರಾ ಎಂದು ಕೇಳುವಳು. ಇವಳು ಹೂಂ ಅನ್ನುವಳು. ಹೊರಗೆ ಸಾಲು ಉದ್ದವಿರುತ್ತಿತ್ತು. ಮಾತು ಅಲ್ಲಿಗೆ ಮುಗಿಯುವುದು.

ನೋವು ಕಡಿಮೆಯಾಗಲಿಲ್ಲ. ಹೆಚ್ಚಾಯಿತು. ಉಸಿರಾಟ ಮುಗಿಸಿ ಎದ್ದ ಅರ್ಧ ಗಂಟೆ ಇಡೀ ದಿನದಲ್ಲೇ ಕೆಟ್ಟದ್ದಾಗಿರುತ್ತಿತ್ತು. ತನ್ನಲ್ಲೇ ಏನೋ ಕೊರತೆಯಿದೆ, ಇನ್ನಷ್ಟು ಶ್ರದ್ಧೆ ಬೇಕು ಎಂದುಕೊಂಡು ಹತ್ತು ನಿಮಿಷವನ್ನು ಹದಿನೈದು ಮಾಡಿದಳು. ಇದೂ ಕೈಕೊಟ್ಟರೆ ಮುಂದೇನು ಎಂಬ ಯೋಚನೆ ಬಂದಾಗ ಅದರ ಮುಂದೆ ಇನ್ನೊಂದು ಯೋಚನೆ ಇರುತ್ತಿರಲಿಲ್ಲ. ಬರೀ ಖಾಲಿ. ಕೆಲವು ದಿನ ಬೆಳಗ್ಗೆ, ಯಂತ್ರ ಶುರುವಾಗುವ ಮುಂಚೆ, ಇವತ್ತು ಅದು ಕೆಟ್ಟು ನಿಂತಿರಲಿ, ಆರು ಗಂಟೆಯೇ ಆಗದಿರಲಿ, ಬೆಳಕೇ ಹರಿಯದಿರಲಿ ಎಂದು ಸುಮ್ಮನೆ ಬೇಡಿಕೊಳ್ಳುತ್ತಿದ್ದಳು. ಯಾರನ್ನು ಬೇಡುತ್ತಿದ್ದೇನೆಂದು ಅವಳಿಗೂ ತಿಳಿಯದು.

ಆ ಮನೆಯಲ್ಲಿ ಇದ್ದದ್ದು ಇಬ್ಬರೇ, ಅವಳು ಮತ್ತು ಅವಳ ಓರಗಿತ್ತಿ. ಅಣ್ಣ ತಮ್ಮಂದಿರನ್ನು ಮದುವೆಯಾಗಿ ಬಂದವರು. ಗಂಡಂದಿರು ಇಬ್ಬರೂ ಹೋದ ಮೇಲೂ ಮನೆಯನ್ನೂ ಜಗಳವನ್ನೂ ಪಾಲು ಮಾಡಿಕೊಳ್ಳದೆ ಒಟ್ಟಿಗೇ ಇಟ್ಟುಕೊಂಡವರು. ಓರಗಿತ್ತಿ ವಯಸ್ಸಿನಲ್ಲಿ ಹಿರಿಯಳು. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು, ಹೊಲಿಗೆಯಂಗಡಿಯಿಂದ ಬಂದ ಅಂಗಿಗಳಿಗೆ ಗುಂಡಿ ಹಾಕುವುದು ಅವಳ ಕೆಲಸ. ಬಾಯಿಯಲ್ಲಿ ದಾರ, ಬಾಯಿ ಖಾಲಿಯಾದರೆ ಮಾತು. ಗುಳ್ಳೆ ಮಾಯ್ದು ಆರು ತಿಂಗಳಾದಾಗ, ನೋವೇನು ಬಾಡಿಗೆಗೆ ಬಂದಿದೆಯಾ, ಖಾಲಿ ಮಾಡಿಸೋಕೆ ಆಗಲ್ವಾ ಎಂದು ಕೇಳಿದ್ದಳು. ಆದರೆ ಮನೆಯ ಅಂಗಿಗಳ ಒಳಹೊಲಿಗೆಯನ್ನೆಲ್ಲ ಬಿಚ್ಚಿ, ಅಂಚು ಮೈಗೆ ತಾಗದಂತೆ ಹೊರಗಡೆಗೆ ತಿರುಗಿಸಿ ಹೊಲಿದಿಟ್ಟವಳೂ ಅವಳೇ. ಒಂದು ಮಾತೂ ಆಡದೆ ಮಾಡಿದ್ದಳು ಅದನ್ನು. ಬೆಳಗಿನ ಉಸಿರಾಟದ ಹೊತ್ತಿನಲ್ಲಿ ಅವಳಿನ್ನೂ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಾಳೆ.

ಕಾರ್ಖಾನೆಯಲ್ಲಿ ವಿಷಯ ಬಿಗಡಾಯಿಸಿತು. ರೇಕು ಎತ್ತಿ ಇಳಿಸುವ ನಡುವೆ ಪಕ್ಕೆ ಚುಳ್ಳೆಂದರೆ ಕೈ ಅದುರುತ್ತಿತ್ತು, ರೇಕು ಮುದುಡಿ ಕುಂಚಕ್ಕೆ ಸುತ್ತಿಕೊಳ್ಳುತ್ತಿತ್ತು. ಅಂಟಿನ ಮೇಲೆ ಹಾ ಎಂದು ಊದಲು ಅವಳಿಗೆ ಆಗುತ್ತಲೇ ಇರಲಿಲ್ಲ. ಅಷ್ಟು ಆಳಕ್ಕೆ ಉಸಿರು ಇಳಿಸಲು ಭಯ. ಒಣಗಿದ ಅಂಟಿನ ಮೇಲೆ ಕೂರಿಸಿದ ರೇಕು ವಾರದೊಳಗೆ ಸಿಪ್ಪೆ ಏಳುತ್ತಿತ್ತು. ಎರಡು ಚೌಕಟ್ಟು ವಾಪಸು ಬಂದವು. ಹೇಗಿದೆ ಎಂದು ಯಜಮಾನರು ಕೇಳಿದಾಗಲೆಲ್ಲ, ಈಗ ಪರವಾಗಿಲ್ಲ, ಹೋಗ್ತಾ ಇದೆ ಎಂದು ಸುಳ್ಳು ಹೇಳುತ್ತಿದ್ದಳು.

ಯಜಮಾನರು ಕೆಟ್ಟವರಲ್ಲ. ಅವಳಿಗಿಂತ ನಾಲ್ಕು ವರ್ಷ ಚಿಕ್ಕವರು. ಕೂಗಾಡಲಿಲ್ಲ. ಒಂದು ಸೋಮವಾರ ಎರಡು ಸಲ ಬಾಗಿಲು ತಟ್ಟಿ ಒಳಗೆ ಬಂದು, ಮೇಜಿನ ಮೇಲೆ ಮುದುಡಿ ಬಿದ್ದಿದ್ದ ರೇಕಿನ ಚೂರುಗಳನ್ನು ನೋಡುತ್ತ ನಿಂತರು. ಆಮೇಲೆ ಹೇಳಿದರು: ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಮೊಟ್ಟೆಯಾಕಾರದ ಒಂದು ಕನ್ನಡಿಯ ಚೌಕಟ್ಟು ಇದೆ. ಇಪ್ಪತ್ನಾಲ್ಕು ರೇಕಿನದು. ಅದನ್ನು ಅವಳೇ ಹಚ್ಚಲಿ. ಸರಿಬಂದರೆ ಮೇಜು ಅವಳದೇ. ಇಲ್ಲವಾದರೆ ಮೇಜು ತಮ್ಮ ಸೊಸೆಗೆ, ಅವಳು ಮುಂದಿನ ಕೋಣೆಯಲ್ಲಿ ಉಜ್ಜುವ ಕೆಲಸಕ್ಕೆ.

ಉಜ್ಜುವುದೆಂದರೆ ಇಡೀ ದಿನ ಎರಡೂ ಕೈ ಬೀಸಿ ಪಕ್ಕೆ ಎಳೆಯುವುದು. ಒಂದು ವಾರವೂ ತಾಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ಬಹುಶಃ ಯಜಮಾನರಿಗೂ. ಆದರೆ ಅವಳನ್ನು ಹಿಂಡಿದ್ದು ಅದಲ್ಲ. ರೇಕು ಕುಂಚದ ತುದಿಯಲ್ಲಿ ನಡುಗುವ ಆ ಒಂದು ಗಳಿಗೆ ಇದೆಯಲ್ಲ, ಇಷ್ಟು ದಿನವೂ ಆ ಗಳಿಗೆಯಲ್ಲಿ ಮಾತ್ರ ಅವಳು ನೋವನ್ನು ಮರೆತಿದ್ದಳು. ಕೆಲವೊಮ್ಮೆ, ಎಲ್ಲ ಸಲವೂ ಅಲ್ಲ. ಮೇಜು ಹೋದರೆ ಅದೂ ಹೋಯಿತು. ಆಮೇಲೆ ಬೆಳಗ್ಗೆಯಿಂದ ಸಂಜೆಯವರೆಗೆ ನೋವಿನ ಜೊತೆ ಅವಳು, ಮಾತಾಡಿಸುವವರಿಲ್ಲದ ಕೋಣೆಯಲ್ಲಿ ಇಬ್ಬರೇ.

ಆ ರಾತ್ರಿಯ ಊಟ ಬಿಟ್ಟಳು. ಮರುದಿನ ಬೆಳಗ್ಗೆ ಯಂತ್ರ ಶುರುವಾದಾಗ ಕುರ್ಚಿಯಲ್ಲಿ ಕೂತು ಎಂದಿನಂತೆ ಕಣ್ಣುಮುಚ್ಚಿದಳು. ಓರಗಿತ್ತಿಗೆ ಅಂದು ಹೊಲಿಗೆಯಂಗಡಿಗೆ ಬೇಗ ಅಂಗಿ ಮುಟ್ಟಿಸಬೇಕಿತ್ತು. ಎದ್ದು ಬಂದು ಬೆಂಚಿನಲ್ಲಿ ಕೂತು, ಸೂಜಿಗೆ ದಾರ ಪೋಣಿಸುತ್ತ, ಇವಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ದಾರವನ್ನು ಬಾಯಿಯಿಂದ ತೆಗೆದಳು.

“ಯಾರ ಮೇಲೆ ಕೋಪ?”

ರೇಕಿನಕ್ಕ ಕಣ್ಣು ತೆರೆಯಲಿಲ್ಲ. “ಮಾತಾಡಿಸ್ಬೇಡ ಅಕ್ಕ. ಲೆಕ್ಕ ತಪ್ಪುತ್ತೆ.”

“ಮತ್ತೆ ಯಾಕೆ ಮೂತಿ ತಿರುಗಿಸ್ತೀಯ ಆ ಕಡೆ? ಉಸಿರು ತಗೊಂಡು ಹೆಣದ ಹಾಗೆ ಕೂತ್ಕೋತೀಯ, ಆಮೇಲೆ ಆ ಕಡೆ ತಿರುಗಿ ಉಗುಳಿದ ಹಾಗೆ ಬಿಡ್ತೀಯ. ಹೇಳ್ಕೊಟ್ಟಿದ್ದೇ ಹೀಗಾ ಅವಳು?”

ಹೀಗೇ ಎನ್ನಲು ಹೊರಟ ರೇಕಿನಕ್ಕ ಕಣ್ಣು ತೆರೆದಳು. ಅವಳ ಗದ್ದ ಎಡ ಹೆಗಲಿನ ಮೇಲಿತ್ತು. ಎಡಗಡೆಯ ಪಕ್ಕೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು.

“ಇಲ್ಲಿ ರೇಕು ಇಲ್ವಲ್ಲೇ, ತಾಯಿ” ಅಂದಳು ಓರಗಿತ್ತಿ. “ಯಾವುದು ಹಾರಿಹೋಗುತ್ತೆ ಅಂತ?”

ರೇಕಿನಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಎರಡೂವರೆ ತಿಂಗಳು. ದಿನಕ್ಕೆ ಎಪ್ಪತ್ತು ಎಂಬತ್ತು ಉಸಿರು. ಒಂದೊಂದನ್ನೂ ಒಳಗೆ ತೆಗೆದುಕೊಂಡು, ಕಾಣದ ರೇಕೊಂದು ಕಾಣದ ಮರದ ಮೇಲೆ ಇಳಿಯುವವರೆಗೆ ಬಿಗಿಹಿಡಿದು, ಆಮೇಲೆ ಸುಟ್ಟ ನರದ ಮೇಲೇ ತಿರುಚಿ ಹೊರಗೆ ಬಿಟ್ಟಿದ್ದಳು. ಆಸ್ಪತ್ರೆಯಲ್ಲಿ ಮಲಗಿ ಮಾಡಿದಾಗ ಸರಿಯಾಗಿಯೇ ಮಾಡಿದ್ದಳು. ಕುರ್ಚಿಯಲ್ಲಿ ಕೂತು ಕೈ ಮುಂದಿಟ್ಟ ಕೂಡಲೇ ಮೈ ತಾನು ಮೂವತ್ತೊಂದು ವರ್ಷದಿಂದ ಬಲ್ಲ ಕೆಲಸವನ್ನೇ ಮಾಡಿತ್ತು. ಹುಡುಗಿ ಕೇಳಿದಾಗ ಹೇಳಿದ ಹೂಂ ಸುಳ್ಳೂ ಆಗಿರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಅತ್ತರೆ ಪಕ್ಕೆ ಕುಣಿಯುತ್ತದೆ. ಅಳುವುದನ್ನು ಯಾವಾಗಲೋ ಬಿಟ್ಟಿದ್ದಳು. ಓರಗಿತ್ತಿ ಬೆಂಚಿನಿಂದ ಎದ್ದು ಬಂದು, ಕುರ್ಚಿಯನ್ನು ಅವಳು ಕೂತಂತೆಯೇ ತಿರುಗಿಸಲು ನೋಡಿ ಆಗದೆ, ಕೊನೆಗೆ ತಾನೇ ಅವಳ ಎಡಗಡೆಗೆ ಒಂದು ಮಣೆ ಹಾಕಿಕೊಂಡು ಕೂತಳು. “ನಾನಿಲ್ಲಿರ್ತೀನಿ. ನನ್ನ ಮುಖದ ಮೇಲೆ ಉಸಿರು ಬಿಟ್ರೆ ನೋಡು ಮತ್ತೆ.”

ಹನ್ನೊಂದು ಬೆಳಗುಗಳು ಹಾಗೆ ಕಳೆದವು. ಮಣೆಯ ಮೇಲೆ ಓರಗಿತ್ತಿ, ಅವಳ ಮಡಿಲಲ್ಲಿ ಅಂಗಿ, ಎದುರಿಗೆ ಗೋಡೆ. ತಿರುಗದೆ ಉಸಿರು ಬಿಡುವುದು ಇಷ್ಟು ಕಷ್ಟವೆಂದು ರೇಕಿನಕ್ಕನಿಗೆ ತಿಳಿದಿರಲಿಲ್ಲ. ಬಿಗಿಹಿಡಿಯದೆ ಇರುವುದು ಅದಕ್ಕಿಂತ ಕಷ್ಟ. ಒಳಗೆ ಬಂದದ್ದು ಹಾಗೇ ಹೊರಗೆ ಹೋಗುವಾಗ ಏನೋ ಕೈತಪ್ಪಿ ಬಿದ್ದಂತೆ ಎದೆ ಧಸಕ್ಕೆನ್ನುತ್ತಿತ್ತು. ಕತ್ತು ಒಂದು ಎಳೆಯಷ್ಟು ಎಡಕ್ಕೆ ಸರಿದರೂ ಓರಗಿತ್ತಿ ಸೂಜಿಯ ಹಿಂತುದಿಯಿಂದ ಅವಳ ಗದ್ದ ಮುಟ್ಟಿ ನೇರ ಮಾಡುವಳು. ಆಸ್ಪತ್ರೆಯ ಹುಡುಗಿಗೆ ಹೋಗಿ ಹೇಳಿದ್ದೂ ಆಯಿತು. ಅವಳು, ತಾನು ಒಂದು ಸಲವೂ ಕೂರಿಸಿ ಮಾಡಿಸಿ ನೋಡಲಿಲ್ಲವಲ್ಲ ಎಂದು ತನ್ನ ಹಣೆ ತಾನೇ ಹಿಡಿದುಕೊಂಡಳಂತೆ.

ನೋವು ಹೋಗಲಿಲ್ಲ. ಅದನ್ನು ಬರೆಯದೆ ಮುಂದಕ್ಕೆ ಹೋಗುವಂತಿಲ್ಲ. ಆರನೆಯ ದಿನ ಪಟ್ಟಿ ಹಿಂದಿನಷ್ಟೇ ಉರಿಯಿತು. ಎಂಟನೆಯ ದಿನ ಅವಳು ಕುರ್ಚಿಯಿಂದ ಎದ್ದು, ಇನ್ನು ಇದೆಲ್ಲ ಸಾಕೆಂದು ಗೋಡೆಗೆ ಹಣೆಯಿಟ್ಟು ನಿಂತಳು. ಬದಲಾದದ್ದು ಒಂದೇ: ಉಸಿರಾಟ ಮುಗಿದ ಮೇಲಿನ ಆ ಕೆಟ್ಟ ಅರ್ಧ ಗಂಟೆ ಬರಲಿಲ್ಲ. ಒಂಬತ್ತನೆಯ ದಿನ, ಯಂತ್ರದ ಎರಡನೆಯ ಸ್ಸ್ ಮತ್ತು ಮೂರನೆಯದರ ನಡುವೆ ಎಲ್ಲೋ ಮೂರು ಉಸಿರಿನಷ್ಟು ಜಾಗದಲ್ಲಿ ನೋವು ಇತ್ತು, ಆದರೆ ಮುಂದಿನ ನೋವಿಗಾಗಿ ಅವಳು ಕಾಯುತ್ತಿರಲಿಲ್ಲ. ಮೂರೇ ಉಸಿರು. ಅದು ಹೇಗಿತ್ತೆಂದು ಓರಗಿತ್ತಿಗೆ ಹೇಳಲು ನೋಡಿದಳು, ಆಗಲಿಲ್ಲ. ಭಾರದ ಚೀಲ ಕೈ ಬದಲಿಸಿಕೊಂಡ ಹಾಗೆ ಅಂದಳು. ಇಳಿಸಿದ ಹಾಗೆ ಅಲ್ಲ.

“ಕೈ ಬದ್ಲಿಸೋದೂ ದೊಡ್ಡದೇ” ಅಂದಳು ಓರಗಿತ್ತಿ, ದಾರ ಕಚ್ಚಿ ತುಂಡು ಮಾಡುತ್ತ.

ಶನಿವಾರ ಬಂತು. ರೇಕಿನ ಕೋಣೆಯ ಮೇಜಿನ ಮೇಲೆ ಮೊಟ್ಟೆಯಾಕಾರದ ಚೌಕಟ್ಟು. ಪಕ್ಕದಲ್ಲಿ ಯಜಮಾನರ ಸೊಸೆ. ರೇಕು ಕತ್ತರಿಸಿಕೊಡುವುದು ಅವಳ ಪಾಲು. ಸೌಮ್ಯ ಹೆಂಗಸು, ತನಗೆ ಮೇಜು ಬೇಕೆಂದು ಅವಳೇನೂ ಕೇಳಿದವಳಲ್ಲ, ಬೇಡವೆನ್ನುವ ಧೈರ್ಯವೂ ಅವಳಿಗಿರಲಿಲ್ಲ. ಯಜಮಾನರು ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತರು. ರೇಕಿನಕ್ಕ ಚೌಕಟ್ಟಿಗೆ ಸುತ್ತಲೂ ಅಂಟು ಹಚ್ಚಿದಳು. ಅಂಟಿನ ಹದ ಇರುವುದು ಒಂದು ಗಂಟೆ. ಅವಳ ಒಳ್ಳೆಯ ದಿನಗಳಲ್ಲಿ ಇಪ್ಪತ್ನಾಲ್ಕು ರೇಕಿಗೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು.

ಕುಂಚ ಕೆನ್ನೆಗೆ ಸವರಿದಳು. ಒಂದು, ಎರಡು, ಮೂರು. ರೇಕುಗಳು ನೀರಿನ ಮೇಲೆ ಎಲೆ ಕೂತ ಹಾಗೆ ಕೂತವು. ಒಂಬತ್ತರವರೆಗೆ ಸೊಸೆ ಅವಳ ಕೈಯನ್ನೇ ನೋಡುತ್ತಿದ್ದಳು. ನಿಧಾನವಾಗಿ ಹತ್ತನೆಯದಕ್ಕೆ ಬರುವಷ್ಟರಲ್ಲೇ ಮುಕ್ಕಾಲು ಗಂಟೆ ಕಳೆದಿತ್ತು. ಅದನ್ನು ಇಳಿಸಿ ಮುಖವನ್ನು ಎಡಕ್ಕೆ ತಿರುಗಿಸಿದಾಗ, ಒಳಗೆ ಯಾರೋ ಬೆಂಕಿಕಡ್ಡಿ ಗೀಚಿದ ಹಾಗಾಯಿತು. ಹೊತ್ತಿಕೊಂಡಿತು. ಬೆನ್ನಿನಿಂದ ಎದೆಯವರೆಗೆ ಪಟ್ಟಿಯಿಡೀ.

ಹಿಂದಿನ ದಿನಗಳಲ್ಲಾಗಿದ್ದರೆ ಹಲ್ಲು ಕಚ್ಚಿ ಹನ್ನೊಂದನೆಯದನ್ನು ಎತ್ತುತ್ತಿದ್ದಳು, ಅದು ಮುದುಡುತ್ತಿತ್ತು, ಹನ್ನೆರಡೂ ಮುದುಡುತ್ತಿತ್ತು. ಈಗ ಕುಂಚ ಕೆಳಗಿಟ್ಟಳು. ಎದ್ದಳು.

“ಅಕ್ಕ, ಅಂಟು ಒಣಗುತ್ತೆ” ಅಂದರು ಯಜಮಾನರು.

ಗೊತ್ತು ಎಂಬಂತೆ ತಲೆಯಾಡಿಸಿ, ಬಾಗಿಲನ್ನು ಗಾಳಿಯಾಡದಷ್ಟು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದಳು. ಓಣಿಯಲ್ಲಿ ಮಗುಚಿಟ್ಟ ಮರದ ಪೆಟ್ಟಿಗೆಯ ಮೇಲೆ, ಗೋಡೆಗೆ ಮುಖ ಮಾಡಿ ಕೂತಳು. ಇಲ್ಲಿ ಯಂತ್ರವಿಲ್ಲ, ಮಣೆಯಿಲ್ಲ, ಗದ್ದ ನೇರ ಮಾಡುವ ಸೂಜಿಯಿಲ್ಲ. ನಾಲ್ಕು ಒಳಗೆ. ಎಂಟು ಹೊರಗೆ. ಮೊದಲ ಹತ್ತು ಉಸಿರು ಬರೀ ಉರಿ. ಅದರಾಚೆ ಗೋಡೆಯ ಆ ಕಡೆ ಅಂಟು ಒಣಗುತ್ತಿರುವುದು ಅವಳಿಗೆ ಕಿವಿಯಲ್ಲಿ ಕೇಳಿಸಿದಂತಾಯಿತು. ಎದ್ದು ಓಡಿಬಿಡಲೇ ಅನ್ನಿಸಿತು, ಮೇಜಿಗೂ ಅಲ್ಲ, ಮನೆಗೂ ಅಲ್ಲ, ಈ ಮೈ ಬಿಟ್ಟು ಎಲ್ಲಿಗಾದರೂ. ಹದಿನೈದು. ಹದಿನೆಂಟು. ಕತ್ತು ಎಡಕ್ಕೆ ವಾಲಿತು. ತಾನೇ ಬೆರಳಿಟ್ಟು ನೇರ ಮಾಡಿಕೊಂಡಳು. ಮೂವತ್ತರ ಹೊತ್ತಿಗೆ ಉರಿ ಅಲ್ಲೇ ಇತ್ತು, ಕೈ ಮಾತ್ರ ಅವಳಿಗೆ ವಾಪಸು ಬಂದಿತ್ತು. ಬೆರಳು ಬಿಡಿಸಿ ನೋಡಿಕೊಂಡಳು. ಅದುರುತ್ತಿರಲಿಲ್ಲ.

ಎರಡು ಸಲ ತಟ್ಟಿ ಒಳಗೆ ಹೋದಳು. ಚೌಕಟ್ಟಿನಲ್ಲಿ ಇನ್ನೂ ರೇಕು ಹಚ್ಚದ ಭಾಗ ಮಂಕಾಗಿತ್ತು. ಸೊಸೆ ಕಣ್ಣಲ್ಲೇ, ಆಗಿಹೋಯಿತು ಎಂದಳು. ರೇಕಿನಕ್ಕ ಮರದ ಮೇಲೆ ಬಾಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ಹಾ ಎಂದು ಊದಿದಳು. ಪಕ್ಕೆಯೊಳಗೆ ಬಟ್ಟೆ ಹರಿದಂತಾಯಿತು. ಆದರೂ ಅದು ಹೊಟ್ಟೆಯಿಂದ ಬಂದ ಉಸಿರು, ಪೂರ್ತಿ ಬಿಸಿಯುಸಿರು, ಹದಿನೆಂಟು ತಿಂಗಳಲ್ಲಿ ಮೊದಲನೆಯದು. ಅಂಗೈಯಗಲದ ಮಂಕು ಜಾಗ ಮಂಜು ಹಿಡಿದು, ಮೆಲ್ಲಗೆ ಮಿನುಗಿತು. ಹನ್ನೊಂದನೆಯ ರೇಕು ಅಲ್ಲಿ ಕೂತಿತು.

ಒಂದೊಂದು ರೇಕಿಗೂ ಒಂದು ಹಾ. ಪ್ರತಿಯೊಂದಕ್ಕೂ ಅವಳು ಒಂದೊಂದು ಸಲ ಹರಿದುಹೋದಳು. ಇಪ್ಪತ್ತೆರಡರವರೆಗೆ ಬಂದಳು. ಕೊನೆಯ ಎರಡಕ್ಕೆ ಉಸಿರು ಸಾಲಲಿಲ್ಲ. ಕೂತವು, ಆದರೆ ನಡುವೆ ಕೂದಲೆಳೆಯ ಬಿರುಕು ಬಿಟ್ಟುಕೊಂಡವು.

ಯಜಮಾನರು ಸ್ಟೂಲಿನಿಂದ ಎದ್ದು ಬಂದು, ಚೌಕಟ್ಟನ್ನು ಬೆಳಕಿಗೆ ಓರೆ ಮಾಡಿ, ಸುತ್ತಲೂ ನೋಡಿದರು. ಬಹಳ ಹೊತ್ತು ನೋಡಿದರು. ಆ ಬಿರುಕಿನ ಮೇಲೆ ಬೆರಳು ತೋರಿಸಿ, ಇವೆರಡಕ್ಕೆ ತೇಪೆ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ ಅಂದರು. ಮಿಕ್ಕದ್ದು ಅಪ್ಪನ ಕಾಲದ ಕೆಲಸದ ಹಾಗಿದೆ ಅಂದರು. ಸೊಸೆಯ ಭುಜ ಇಳಿದದ್ದು ನೆಮ್ಮದಿಗೋ ಬೇಸರಕ್ಕೋ, ಹೇಳಲಾಗದು.

“ಆದ್ರೆ ಅಕ್ಕ, ಎದ್ದು ಹೋದ್ರಲ್ಲ ಮಧ್ಯದಲ್ಲಿ” ಅಂದರು ಯಜಮಾನರು, ಚೌಕಟ್ಟನ್ನು ಕೆಳಗಿಡುತ್ತ. “ಇವತ್ತು ಒಂದೇ ಇತ್ತು. ನಾಳೆ ಸಾಲಾಗಿ ಮೂರು ಚೌಕಟ್ಟಿದ್ರೆ? ರೇಕಿನ ಮೇಜಿಂದ ಮಧ್ಯೆ ಏಳೋದು ಅಂದ್ರೆ ನಮ್ಮಪ್ಪ ಇದ್ದಿದ್ರೆ… ಇರ್ಲಿ. ಇನ್ಮೇಲೆ ಏಳಲ್ಲ ಅಂತ ಒಂದು ಮಾತು ಕೊಡಿ. ಮೇಜು ನಿಮ್ದೇ.”

ಒಂದು ಮಾತು. ಈಗ ಪರವಾಗಿಲ್ಲ, ಹೋಗ್ತಾ ಇದೆ ಎಂದು ತಿಂಗಳುಗಟ್ಟಲೆ ಹೇಳಿದ ನಾಲಿಗೆಗೆ ಇನ್ನೊಂದು ಮಾತು ಏನು ಮಹಾ. ಅವಳು ಮೇಜನ್ನು ನೋಡಿದಳು. ಮೂವತ್ತೊಂದು ವರ್ಷದಲ್ಲಿ ಅವಳ ಬಲಮೊಣಕೈ ಊರಿ ಊರಿ ಮರದ ಅಂಚಿನಲ್ಲಿ ಒಂದು ಗುಳಿ ಬಿದ್ದಿತ್ತು. ಮೂರು ಉಸಿರಿನಷ್ಟು ಹೊತ್ತು ಅದನ್ನೇ ನೋಡಿದಳು. ಪಕ್ಕೆಯಲ್ಲಿ ಮತ್ತೆ ಕಡ್ಡಿ ಗೀಚುವ ಸದ್ದು ಶುರುವಾಗುತ್ತಿತ್ತು, ಇನ್ನೂ ಹೊತ್ತಿರಲಿಲ್ಲ.

“ಕೊಡೋಕಾಗಲ್ಲ ಯಜಮಾನ್ರೇ” ಅಂದಳು. “ಏಳ್ತೀನಿ. ನಾಳೇನೂ ಏಳ್ತೀನಿ. ಇಷ್ಟು ದಿನ ನೋವಿಲ್ಲ ಅಂದಿದ್ದೆಲ್ಲ ಸುಳ್ಳು. ಅದು ಹೋಗಲ್ಲ. ಎದ್ದು ಹತ್ತು ನಿಮಿಷ ಕೂತು ಬಂದ್ರೆ ಕೈ ಬರುತ್ತೆ, ಇಲ್ದಿದ್ರೆ ಇಲ್ಲ. ಎರಡೂ ನೀವೇ ನೋಡಿದ್ದೀರಿ.”

ಯಜಮಾನರು ಏನೋ ಹೇಳಲು ಹೊರಟರು. ಅವಳು ಕೈಯೆತ್ತಿ ತಡೆದಳು. ಆ ಕೋಣೆಯಲ್ಲಿ ಅವರ ಮಾತನ್ನು ಅವಳು ತಡೆದದ್ದು ಅದೇ ಮೊದಲು.

“ಅಂಟು ಇಡೀ ಚೌಕಟ್ಟಿಗೆ ಒಟ್ಟಿಗೇ ಹಚ್ಚೋದು ಬೇಡ. ಕಾಲು ಭಾಗ, ಕಾಲು ಭಾಗ ಹಚ್ಚೋಣ. ಅಷ್ಟರಲ್ಲಿ ಒಣಗಲ್ಲ ಅದು. ನಾನೆದ್ದಾಗ ಸೊಸೆಮ್ಮ ಕೂರ್ಲಿ, ಅವಳಿಗೆ ಹಾ ಊದೋದು ನಾನು ಹೇಳ್ಕೊಡ್ತೀನಿ. ಆಗಲ್ಲ ಅಂದ್ರೆ ಮೇಜು ಅವಳಿಗೇ ಕೊಡಿ, ನಾನು…” ಕಡ್ಡಿ ಹೊತ್ತಿಕೊಂಡಿತು. ಅವಳು ಎಡಗಡೆಯ ಅಂಗಿಯನ್ನು ಎರಡು ಬೆರಳಲ್ಲಿ ಚಿವುಟಿ ಮೈಯಿಂದ ದೂರ ಹಿಡಿದಳು. “ನಾನು ಇಲ್ಲೇ ಓಣಿಯಲ್ಲಿರ್ತೀನಿ, ಹತ್ತೇ ನಿಮಿಷ. ಬಂದು ಆ ಎರಡು ರೇಕಿಗೆ ತೇಪೆ…” ಎನ್ನುತ್ತ, ಮುಖವನ್ನು ಯಾವ ಕಡೆಗೂ ತಿರುಗಿಸದೆ, ಬಾಗಿಲಿನ ಕಡೆ ನಡೆದಳು.